ಒಂದೇ ಟ್ಯೂಬಾ ಇಟ್ಟುಕೊಳ್ಳುವುದಾದರೆ ಯಾವ ಅಳತೆಯದು?

ಟ್ಯೂಬಾ ಎಂದರೆ ತಗ್ಗಿನ ಸ್ವರಗಳನ್ನು ನುಡಿಸುವ ದೊಡ್ಡ ಹಿತ್ತಾಳೆ ಊದುವಾದ್ಯ. ಆರ್ಕೆಸ್ಟ್ರಾದಲ್ಲಿ ಕೆಲಸ ಮಾಡುವ ಟ್ಯೂಬಾ ವಾದಕರ ಹತ್ತಿರ ಸಾಮಾನ್ಯವಾಗಿ ಎರಡು ಟ್ಯೂಬಾ ಇರುತ್ತವೆ. ಭಾರಿ ಸಿಂಫನಿಗಳಿಗೆ ಒಂದು ದೊಡ್ಡದು, ಸೋಲೋಗೆ ಮತ್ತು ಸಣ್ಣ ಗುಂಪಿಗೆ ಒಂದು ಚಿಕ್ಕದು. ಉಳಿದ ಬಹಳಷ್ಟು ಜನಕ್ಕೆ ಆ ಅನುಕೂಲ ಇರುವುದಿಲ್ಲ. ವಾದ್ಯ ದುಬಾರಿ, ಇಡಲು ಜಾಗ ಬೇಕು, ಹೊತ್ತು ತಿರುಗಬೇಕು. ಕೊಳ್ಳುವುದು ಒಂದೇ. ಅದರಲ್ಲೇ ಬ್ಯಾಂಡೂ ಆಗಬೇಕು, ಕ್ವಿಂಟೆಟ್ಟೂ (ಐವರ ಗುಂಪು) ಆಗಬೇಕು, ಮನೆಯ ಅಭ್ಯಾಸವೂ ಆಗಬೇಕು. ಈ ಲೇಖನ ಅಂಥವರಿಗಾಗಿ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಒಂದೇ ಟ್ಯೂಬಾ ಕೊಳ್ಳುವವರು ಅಗತ್ಯಕ್ಕಿಂತ ದೊಡ್ಡದನ್ನು ಕೊಳ್ಳುವುದೇ ಜಾಸ್ತಿ. ಅದಕ್ಕೆ ಕಾರಣವೂ ಇದೆ. ಅಂಗಡಿಯಲ್ಲಿ ಐದು ನಿಮಿಷ ಊದಿದಾಗ ದೊಡ್ಡ ಟ್ಯೂಬಾದ ನಾದ ಮೈಯನ್ನೆಲ್ಲಾ ತುಂಬಿಬಿಡುತ್ತದೆ. ಮನಸ್ಸು ಅಲ್ಲೇ ಸೋಲುತ್ತದೆ. ಎರಡು ಗಂಟೆ ರಿಹರ್ಸಲ್ ಮುಗಿಯುವ ಹೊತ್ತಿಗೆ ಆ ವಾದ್ಯ ಹೇಗಿರುತ್ತದೆ, ಹಿಂದಿನ ಸಾಲಿನಲ್ಲಿ ಕೂತವರಿಗೆ ಅದು ಹೇಗೆ ಕೇಳಿಸುತ್ತದೆ ಎನ್ನುವುದು ಆ ಐದು ನಿಮಿಷದಲ್ಲಿ ಗೊತ್ತಾಗುವುದಿಲ್ಲ. ಆದ್ದರಿಂದ ಆತುರ ಬೇಡ. ಒಂದೊಂದೇ ಹೆಜ್ಜೆ ಇಡೋಣ.

ಹೆಜ್ಜೆ 1: ಉದ್ದ ಬೇರೆ, ದಪ್ಪ ಬೇರೆ ಎಂದು ತಿಳಿದುಕೊಳ್ಳಿ

ಟ್ಯೂಬಾ ಹುಡುಕಲು ಹೊರಟ ಹೊಸಬರು ಇಲ್ಲಿ ಗೊಂದಲ ಮಾಡಿಕೊಳ್ಳುತ್ತಾರೆ. ಟ್ಯೂಬಾಗೆ ಎರಡು ಅಳತೆಗಳಿವೆ. ಒಂದಕ್ಕೂ ಇನ್ನೊಂದಕ್ಕೂ ನೇರ ಸಂಬಂಧ ಇಲ್ಲ.

ಮೊದಲನೆಯದು ಕೊಳವೆಯ ಉದ್ದ. ವಾದ್ಯದ ಶ್ರುತಿ ಇದರಿಂದ ಬರುತ್ತದೆ. ಬಿ ಫ್ಲಾಟ್ ಟ್ಯೂಬಾದ ಕೊಳವೆ ಬಿಚ್ಚಿ ಚಾಚಿದರೆ ಸುಮಾರು 18 ಅಡಿ. ಸಿ ಟ್ಯೂಬಾ 16 ಅಡಿ, ಇ ಫ್ಲಾಟ್ 13 ಅಡಿ, ಎಫ್ 12 ಅಡಿ. ಮೊದಲ ಎರಡನ್ನು ಕಾಂಟ್ರಾಬಾಸ್ ಟ್ಯೂಬಾ ಎನ್ನುತ್ತಾರೆ, ಕೊನೆಯ ಎರಡನ್ನು ಬಾಸ್ ಟ್ಯೂಬಾ. 1835ರಲ್ಲಿ ಬರ್ಲಿನ್‌ನಲ್ಲಿ ವೀಪ್ರೆಖ್ಟ್ ಮತ್ತು ಮೊರಿಟ್ಸ್ ಪೇಟೆಂಟ್ ಪಡೆದ ಮೊಟ್ಟಮೊದಲ ಟ್ಯೂಬಾ ಎಫ್ ಶ್ರುತಿಯದು. ಅಂದರೆ ಈ ವಾದ್ಯ ಹುಟ್ಟಿದ್ದೇ ಚಿಕ್ಕ ಅಳತೆಯಲ್ಲಿ. ದೊಡ್ಡವು ಆಮೇಲೆ ಬಂದವು. ‘ಚಿಕ್ಕ ಟ್ಯೂಬಾ ಅಂದರೆ ಮಕ್ಕಳದ್ದು’ ಎಂಬ ಭಾವನೆ ಇದ್ದರೆ ಈಗಲೇ ಬಿಟ್ಟುಬಿಡಿ.

ಎರಡನೆಯದು ದಪ್ಪ. ಒಂದೇ ಉದ್ದದ ಕೊಳವೆಯನ್ನು ತೆಳ್ಳಗೂ ಮಾಡಬಹುದು, ದಪ್ಪಗೂ ಮಾಡಬಹುದು. ಇದನ್ನು 3/4, 4/4, 5/4, 6/4 ಎಂಬ ಅಂಕಿಗಳಲ್ಲಿ ಹೇಳುತ್ತಾರೆ. 3/4 ಟ್ಯೂಬಾದ ಬೆಲ್, ಅಂದರೆ ಮೇಲಿನ ಅಗಲವಾದ ಬಾಯಿ, ಸಾಮಾನ್ಯವಾಗಿ 14ರಿಂದ 16 ಇಂಚು. 4/4 ಆದರೆ 17-18 ಇಂಚಿನ ಸುತ್ತಮುತ್ತ. 6/4 ಆದರೆ 20 ಇಂಚಿನ ಹತ್ತಿರ ಹೋಗುತ್ತದೆ. 5/4 ಇವೆರಡರ ನಡುವೆ.

ಈ ಅಂಕಿಗಳನ್ನು ಲೆಕ್ಕದ ಅಂಕಿಗಳಂತೆ ನೋಡಬೇಡಿ. 6/4 ಎಂದರೆ 3/4ರ ಎರಡರಷ್ಟು ಅಂತ ಅಲ್ಲ. ಈ ಅಂಕಿಗಳಿಗೆ ಎಲ್ಲರೂ ಒಪ್ಪಿದ ಮಾನದಂಡವೇ ಇಲ್ಲ. ಪ್ರತಿ ತಯಾರಕರೂ ತಮ್ಮ ಸಾಲಿನ ವಾದ್ಯಗಳನ್ನು ಒಂದಕ್ಕೊಂದು ಹೋಲಿಸಿ ಹೆಸರಿಡುತ್ತಾರೆ. ಒಬ್ಬರ 4/4 ಇನ್ನೊಬ್ಬರ 5/4ರಷ್ಟು ದಪ್ಪ ಇರಬಹುದು. ಇನ್ನು ಬೋರ್, ಅಂದರೆ ವಾಲ್ವ್‌ಗಳ (ಸ್ವರ ಬದಲಿಸಲು ಬೆರಳಿನಿಂದ ನಡೆಸುವ ಭಾಗಗಳ) ಒಳಗಿನ ಕೊಳವೆಯ ಅಗಲ, ಮತ್ತೂ ಬೇರೆ ವಿಷಯ. ಬೋರ್ ಕಿರಿದಾಗಿರುವ ಭಾರಿ ಟ್ಯೂಬಾಗಳಿವೆ, ಬೋರ್ ಅಗಲವಾಗಿರುವ ಮಧ್ಯಮ ಗಾತ್ರದವೂ ಇವೆ. ಕ್ಯಾಟಲಾಗ್‌ನ ಒಂದು ಅಂಕಿ ನೋಡಿ ವಾದ್ಯವನ್ನು ಅಳೆಯಲು ಹೋಗಬೇಡಿ.

ಇ ಫ್ಲಾಟ್ ಟ್ಯೂಬಾ ಒಂದು ಬಿ ಫ್ಲಾಟ್ 3/4ಕ್ಕಿಂತ ದಪ್ಪ ಇರಬಹುದು. ಹಾಗಾಗಿ ‘ನನಗೆ ಚಿಕ್ಕ ಟ್ಯೂಬಾ ಸಾಕು’ ಎಂದು ಹೇಳುವಾಗ ಉದ್ದ ಕಡಿಮೆ ಇರಬೇಕೋ, ದಪ್ಪ ಕಡಿಮೆ ಇರಬೇಕೋ ಎನ್ನುವುದನ್ನು ಮೊದಲು ನೀವೇ ತೀರ್ಮಾನಿಸಿಕೊಳ್ಳಬೇಕು.

ಹೆಜ್ಜೆ 2: ಎಲ್ಲಿ ನುಡಿಸುತ್ತೀರಿ ಎಂದು ಬರೆಯಿರಿ

ಒಂದು ಹಾಳೆ ತೆಗೆದುಕೊಳ್ಳಿ. ಕಳೆದ ಒಂದು ವರ್ಷದಲ್ಲಿ ಎಲ್ಲೆಲ್ಲಿ, ಯಾರ ಜೊತೆ ನುಡಿಸಿದಿರಿ ಎಂದು ಬರೆಯಿರಿ. ಮುಂದೆ ಎಲ್ಲಿ ನುಡಿಸಬೇಕೆಂಬ ಆಸೆ ಇದೆ ಎಂದು ಬರೆಯಬೇಡಿ. ಆಸೆ ಒಳ್ಳೆಯದೇ. ಆದರೆ ವರ್ಷಕ್ಕೊಮ್ಮೆ ಬರುವ ಅವಕಾಶಕ್ಕೆಂದು ಕೊಂಡ ವಾದ್ಯವನ್ನು ಉಳಿದ ದಿನವೆಲ್ಲಾ ಹೊರಬೇಕಾಗುತ್ತದೆ, ಅಲ್ವಾ?

ಪ್ರತಿ ಸಾಲಿನ ಪಕ್ಕ ಇನ್ನೊಂದು ವಿಷಯ ಸೇರಿಸಿ: ನಿಮ್ಮ ಜೊತೆ ಎಷ್ಟು ಟ್ಯೂಬಾ ಇದ್ದವು? ಇದು ತುಂಬಾ ಮುಖ್ಯ, ಆದರೂ ಜನ ಯೋಚಿಸುವುದೇ ಇಲ್ಲ. ದೊಡ್ಡ ಬ್ಯಾಂಡ್‌ನಲ್ಲಿ ಮೂರು ನಾಲ್ಕು ಟ್ಯೂಬಾ ಒಟ್ಟಿಗೆ ಇದ್ದರೆ ನಾದದ ಅಗಲ ತಾನಾಗಿಯೇ ಬರುತ್ತದೆ. ಅಲ್ಲಿ ಎಲ್ಲರೂ 6/4 ಹಿಡಿದು ಕೂತರೆ ಸ್ವರಗಳ ಅಂಚು ಕರಗಿಹೋಗುತ್ತದೆ. ಸ್ಪಷ್ಟವಾಗಿ ನುಡಿಯುವ 4/4 ಒಂದು ಅಲ್ಲಿ ಇದ್ದರೆ ಇಡೀ ವಿಭಾಗಕ್ಕೆ ಉಪಕಾರ. ಆದರೆ ಸಿಂಫನಿ ಆರ್ಕೆಸ್ಟ್ರಾದಲ್ಲಿ ಟ್ಯೂಬಾ ಸಾಮಾನ್ಯವಾಗಿ ಒಂದೇ. ಟ್ರಾಂಬೋನ್‌ಗಳ ಕೆಳಗೆ ಒಬ್ಬರೇ ನಿಂತು ಅಡಿಪಾಯ ಕೊಡಬೇಕು. ಅಲ್ಲಿ ಸ್ವಲ್ಪ ದಪ್ಪ ಬೇಕಾಗುತ್ತದೆ.

ಬ್ರಾಸ್ ಕ್ವಿಂಟೆಟ್‌ನ ಲೆಕ್ಕವೇ ಬೇರೆ. ಎರಡು ಟ್ರಂಪೆಟ್, ಒಂದು ಹಾರ್ನ್, ಒಂದು ಟ್ರಾಂಬೋನ್, ಅವುಗಳ ಜೊತೆ ಐದನೇ ಧ್ವನಿಯಾಗಿ ಟ್ಯೂಬಾ. ಇಲ್ಲಿ ಟ್ಯೂಬಾ ಓಡಬೇಕು, ಹಾಡಬೇಕು, ಮೆಲ್ಲಗೆ ಮಾತಾಡಬೇಕು. ದಪ್ಪ ಟ್ಯೂಬಾದಲ್ಲಿ ಇದನ್ನು ಮಾಡಬಲ್ಲವರು ಇದ್ದಾರೆ, ಆದರೆ ಪ್ರತಿ ಸ್ವರಕ್ಕೂ ಕಷ್ಟಪಡುತ್ತಾರೆ.

ಹಾಳೆಯಲ್ಲಿ ಯಾವುದು ಹೆಚ್ಚು ಸಲ ಬಂದಿದೆಯೋ ಆ ಕೆಲಸಕ್ಕೆ ವಾದ್ಯ ಕೊಳ್ಳಿ. ಉಳಿದವಕ್ಕೆ ಅದು ‘ಪರವಾಗಿಲ್ಲ’ ಅನ್ನುವಷ್ಟಿದ್ದರೆ ಸಾಕು. ನಡೆಯುತ್ತಾ ನುಡಿಸುವ ಮೆರವಣಿಗೆಯ ಕೆಲಸವನ್ನು ಮಾತ್ರ ಈ ಪಟ್ಟಿಯಿಂದ ಹೊರಗಿಡಿ. ಅದಕ್ಕೆಂದೇ ಮೈಗೆ ಸುತ್ತಿಕೊಳ್ಳುವ ಸೂಸಾಫೋನ್ ಇದೆ, ಬಹುತೇಕ ಬ್ಯಾಂಡ್‌ಗಳೇ ಅದನ್ನು ಕೊಡುತ್ತವೆ.

ಹೆಜ್ಜೆ 3: ಶ್ರುತಿ ಆರಿಸಿ

ಇಲ್ಲಿ ಒಂದೊಂದು ದೇಶಕ್ಕೆ ಒಂದೊಂದು ರೂಢಿ. ಅಮೆರಿಕದ ಶಾಲೆ ಮತ್ತು ಬ್ಯಾಂಡ್‌ಗಳಲ್ಲಿ ಬಿ ಫ್ಲಾಟ್, ಅಲ್ಲಿನ ವೃತ್ತಿಪರ ಆರ್ಕೆಸ್ಟ್ರಾಗಳಲ್ಲಿ ಸಿ. ಜರ್ಮನಿಯಲ್ಲಿ ದೊಡ್ಡದಕ್ಕೆ ಬಿ ಫ್ಲಾಟ್, ಚಿಕ್ಕದಕ್ಕೆ ಎಫ್. ಬ್ರಿಟನ್‌ನಲ್ಲಿ ಇ ಫ್ಲಾಟ್‌ಗೆ ಗೌರವದ ಸ್ಥಾನ. ಬ್ರಿಟಿಷ್ ಬ್ರಾಸ್ ಬ್ಯಾಂಡ್‌ನಲ್ಲಿ ಎರಡು ಇ ಫ್ಲಾಟ್, ಎರಡು ಬಿ ಫ್ಲಾಟ್ ಇರುವುದು ವಾಡಿಕೆ. ನಿಮ್ಮ ಗುರುಗಳು, ನಿಮ್ಮ ಬ್ಯಾಂಡ್ ಯಾವ ಪದ್ಧತಿಯವರು ಎನ್ನುವುದು ಸಣ್ಣ ವಿಷಯವಲ್ಲ. ಬೆರಳು ಇಡುವ ಕ್ರಮ ಪ್ರತಿ ಶ್ರುತಿಗೂ ಬದಲಾಗುತ್ತದೆ. ಟ್ಯೂಬಾದ ಬಾಸ್ ಕ್ಲೆಫ್ ಬರವಣಿಗೆ ಇದ್ದ ಸ್ವರವನ್ನೇ ತೋರಿಸುತ್ತದೆ, ಅದಕ್ಕೆ ತಕ್ಕ ಬೆರಳನ್ನು ವಾದಕರೇ ಕಲಿಯಬೇಕು. ಬ್ರಾಸ್ ಬ್ಯಾಂಡ್‌ನಲ್ಲಿ ಮಾತ್ರ ಟ್ರೆಬಲ್ ಕ್ಲೆಫ್‌ನಲ್ಲಿ, ವಾದ್ಯದ ಶ್ರುತಿಗೆ ತಕ್ಕಂತೆ ಸ್ವರ ಬದಲಿಸಿ ಬರೆಯುವುದರಿಂದ ಇ ಫ್ಲಾಟ್‌ನಿಂದ ಬಿ ಫ್ಲಾಟ್‌ಗೆ ಹೋದರೂ ಬೆರಳು ಬದಲಾಗುವುದಿಲ್ಲ.

ಬಿ ಫ್ಲಾಟೋ ಸಿಯೋ ಎಂಬ ಚರ್ಚೆ ಟ್ಯೂಬಾದವರ ನಡುವೆ ಮುಗಿಯುವುದೇ ಇಲ್ಲ. ನಾನು ಅದಕ್ಕೆ ಜಾಸ್ತಿ ಬೆಲೆ ಕೊಡುವುದಿಲ್ಲ. ಎರಡು ಅಡಿ ಕೊಳವೆಯ ವ್ಯತ್ಯಾಸಕ್ಕಿಂತ ಒಂದು ಒಳ್ಳೆಯ ವಾದ್ಯಕ್ಕೂ ಸಾಧಾರಣ ವಾದ್ಯಕ್ಕೂ ಇರುವ ವ್ಯತ್ಯಾಸ ದೊಡ್ಡದು. ಬ್ಯಾಂಡ್‌ನಲ್ಲಿ ನುಡಿಸುವವರು, ಈಗಾಗಲೇ ಬಿ ಫ್ಲಾಟ್ ಬೆರಳು ಕಲಿತವರು ಅದರಲ್ಲೇ ಇರಿ. ಅಮೆರಿಕದ ಆರ್ಕೆಸ್ಟ್ರಾ ಆಡಿಷನ್‌ಗಳ ಕಡೆ ಗಂಭೀರವಾಗಿ ಹೋಗುವವರು ಸಿ ಕಲಿಯಿರಿ.

ಬಾಸ್ ಟ್ಯೂಬಾ ಒಂದನ್ನೇ ಇಟ್ಟುಕೊಳ್ಳಬಹುದೇ? ಇದು ಒಳ್ಳೆಯ ಪ್ರಶ್ನೆ. ಉತ್ತರ ಕೆಳಗಿನ ಸ್ವರಗಳಲ್ಲಿದೆ, ಹಾಗಾಗಿ ಸ್ವಲ್ಪ ವಿವರವಾಗಿ ನೋಡೋಣ.

ವಾಲ್ವ್ ಒತ್ತಿದರೆ ಕೊಳವೆ ಉದ್ದವಾಗಿ ಸ್ವರ ಇಳಿಯುತ್ತದೆ. ಮೂರು ವಾಲ್ವ್ ಒಟ್ಟಿಗೆ ಒತ್ತಿದರೆ ಆರು ಅರ್ಧಸ್ವರ ಇಳಿಯುತ್ತದೆ. ಬಿ ಫ್ಲಾಟ್ ಟ್ಯೂಬಾದಲ್ಲಿ ಹೀಗೆ ಇಳಿದರೆ ಕೆಳಗಿನ ಇ ಸ್ವರ ಮುಟ್ಟುತ್ತೀರಿ. ನಾಲ್ಕು ತಂತಿಯ ಬಾಸ್ ಗಿಟಾರ್‌ನ ಅತಿ ಕೆಳಗಿನ ತಂತಿಯ ಸ್ವರ ಅದೇ. ಎಫ್ ಟ್ಯೂಬಾದಲ್ಲಿ ಮೂರೂ ವಾಲ್ವ್ ಒತ್ತಿದರೆ ಅದಕ್ಕಿಂತ ಏಳು ಅರ್ಧಸ್ವರ ಮೇಲಿನ ಬಿ ಹತ್ತಿರವೇ ನಿಲ್ಲುತ್ತೀರಿ. ಅಲ್ಲಿಂದ ಕೆಳಗೆ ಹೋಗಲು ನಾಲ್ಕನೇ, ಐದನೇ, ಕೆಲವು ವಾದ್ಯಗಳಲ್ಲಿ ಆರನೇ ವಾಲ್ವ್ ಬೇಕು. ಬಿ ಫ್ಲಾಟ್ ಟ್ಯೂಬಾ ಆರಾಮಾಗಿ ನುಡಿಯುವ ಸ್ವರಗಳು ಎಫ್ ಟ್ಯೂಬಾಗೆ ಬೆವರಿಳಿಸುವ ಸ್ವರಗಳು. ಬ್ಯಾಂಡ್ ಸಂಗೀತದಲ್ಲಿ ಟ್ಯೂಬಾಗೆ ಅವೇ ಸ್ವರಗಳು ದಿನವಿಡೀ ಬರುತ್ತವೆ.

ಹಾಗಾಗಿ ಎಫ್ ಟ್ಯೂಬಾ ಒಂದನ್ನೇ ಇಟ್ಟುಕೊಳ್ಳಿ ಎಂದು ನಾನು ಹೇಳುವುದು ಮುಖ್ಯವಾಗಿ ಸೋಲೋ ಮತ್ತು ಸಣ್ಣ ಗುಂಪುಗಳಲ್ಲಿ ನುಡಿಸುವವರಿಗೆ ಮಾತ್ರ. ಮೇಲಿನ ಸ್ವರಗಳಲ್ಲಿ ಅದರಷ್ಟು ಸುಲಭ, ಸುಂದರ ಬೇರೊಂದಿಲ್ಲ. ಅದು ಆ ಕೆಲಸಕ್ಕೆ ಹೇಳಿ ಮಾಡಿಸಿದ್ದು.

ಇ ಫ್ಲಾಟ್ ವಿಷಯದಲ್ಲಿ ಮಾತ್ರ ನಾನು ಉತ್ಸಾಹದಿಂದಲೇ ಹೇಳುತ್ತೇನೆ. ನಾಲ್ಕು ವಾಲ್ವ್‌ನ ಕಾಂಪೆನ್ಸೇಟಿಂಗ್ ಇ ಫ್ಲಾಟ್, ದೊಡ್ಡ ಬೆಲ್ ಇರುವಂಥದ್ದು, ಒಂಟಿ ಟ್ಯೂಬಾ ಆಗಿ ಬಹಳ ದೂರ ಕರೆದೊಯ್ಯುತ್ತದೆ. ಕಾಂಪೆನ್ಸೇಟಿಂಗ್ ಎಂದರೆ, ನಾಲ್ಕನೇ ವಾಲ್ವ್ ಒತ್ತಿದಾಗ ಗಾಳಿ ಉಳಿದ ವಾಲ್ವ್‌ಗಳ ಮೂಲಕ ಇನ್ನೊಮ್ಮೆ ಸುತ್ತಿ ಬರುತ್ತದೆ, ಕೊರತೆ ಬೀಳುವ ಕೊಳವೆಯ ಉದ್ದ ತಾನಾಗಿಯೇ ಸೇರಿಕೊಳ್ಳುತ್ತದೆ. 1870ರ ದಶಕದಲ್ಲಿ ಡೇವಿಡ್ ಬ್ಲೇಕ್ಲಿ ಇದನ್ನು ರೂಪಿಸಿದರು. ಇದರಿಂದ ಕೆಳಗಿನ ಸ್ವರಗಳು ಒಂದೂ ಬಿಡದೆ ಶ್ರುತಿಯಲ್ಲಿ ಸಿಗುತ್ತವೆ. ಬ್ರಿಟನ್‌ನ ಆರ್ಕೆಸ್ಟ್ರಾಗಳಲ್ಲಿ ಎಷ್ಟೋ ವಾದಕರು ಬಹುಪಾಲು ಕೆಲಸವನ್ನು ಇದೊಂದರಲ್ಲೇ ನಡೆಸಿದ್ದಾರೆ. ಕ್ವಿಂಟೆಟ್‌ಗೆ ಚುರುಕು, ಸೋಲೋಗೆ ಹಿತ, ಬ್ಯಾಂಡ್‌ಗೂ ಸಾಕಾಗುತ್ತದೆ. ತೀರಾ ಕೆಳಗಿನ ಸ್ವರಗಳನ್ನು ಜೋರಾಗಿ ಹಿಡಿದು ನಿಲ್ಲಿಸಬೇಕಾದಾಗ ಮಾತ್ರ ಉದ್ದ ಟ್ಯೂಬಾದ ಬಲ ಇದಕ್ಕಿಲ್ಲ. ಕಾಂಪೆನ್ಸೇಟಿಂಗ್ ಕೊಳವೆಗಳಿಂದ ತೂಕವೂ ಜಾಸ್ತಿ.

ಹೆಜ್ಜೆ 4: ದಪ್ಪ ಆರಿಸಿ

6/4 ಟ್ಯೂಬಾದ ಆಕರ್ಷಣೆಯ ಹಿಂದೆ ಒಂದು ಕಥೆ ಇದೆ. 1930ರ ದಶಕದಲ್ಲಿ ಫಿಲಡೆಲ್ಫಿಯಾ ಆರ್ಕೆಸ್ಟ್ರಾದ ನಿರ್ದೇಶಕ ಲಿಯೋಪೋಲ್ಡ್ ಸ್ಟೊಕೋವ್‌ಸ್ಕಿ ತಮ್ಮ ಟ್ಯೂಬಾ ವಾದಕ ಫಿಲಿಪ್ ಡೊನಾಟೆಲ್ಲಿ ಅವರಿಂದ ಆರ್ಗನ್‌ನಂಥ ಅಗಲವಾದ ನಾದ ಬಯಸಿದರು. ಅದಕ್ಕಾಗಿ ಅಮೆರಿಕದ ಯಾರ್ಕ್ ಕಂಪನಿ ಭಾರಿ ಗಾತ್ರದ ಸಿ ಟ್ಯೂಬಾ ಮಾಡಿಕೊಟ್ಟಿತು. ಆ ವಾದ್ಯ ಆಮೇಲೆ ಆರ್ನಾಲ್ಡ್ ಜೇಕಬ್ಸ್ ಕೈಗೆ ಬಂತು. ಜೇಕಬ್ಸ್ 1944ರಿಂದ 1988ರವರೆಗೆ ಶಿಕಾಗೋ ಸಿಂಫನಿಯ ಟ್ಯೂಬಾ ವಾದಕರಾಗಿದ್ದರು. ಅವರ ನಾದ ಧ್ವನಿಮುದ್ರಣಗಳ ಮೂಲಕ ಜಗತ್ತಿಗೆಲ್ಲಾ ಹರಡಿತು. ಹಿರ್ಸ್‌ಬ್ರುನ್ನರ್, ಯಮಾಹಾದಂಥ ತಯಾರಕರು ಆ ಯಾರ್ಕ್ ಮಾದರಿಯನ್ನೇ ಇಟ್ಟುಕೊಂಡು ಹೊಸ ಟ್ಯೂಬಾ ಮಾಡಿದರು. 6/4 ಅಂದರೆ ವೃತ್ತಿಪರರ ಅಳತೆ ಎಂಬ ಭಾವನೆ ಬೆಳೆದದ್ದು ಹೀಗೆ.

ಆ ನಾದ ನನಗೂ ಪ್ರೀತಿಯದೇ. ಆದರೆ ಅದು ಹುಟ್ಟಿದ ಜಾಗ ನೋಡಿ. ನೂರರ ಹತ್ತಿರ ಜನರ ಆರ್ಕೆಸ್ಟ್ರಾ, ದೊಡ್ಡ ಸಭಾಂಗಣ, ಒಂದೇ ಒಂದು ಟ್ಯೂಬಾ, ಅದನ್ನು ದಿನವೂ ಗಂಟೆಗಟ್ಟಲೆ ನುಡಿಸುವ ಮಹಾನ್ ವಾದಕ. ಹಾಳೆಯಲ್ಲಿ ನೀವು ಬರೆದ ಜಾಗಗಳು ಹೀಗಿದ್ದರೆ 6/4 ನೋಡಿ. ಇಲ್ಲದಿದ್ದರೆ ಬೇಡ.

ದೊಡ್ಡ ಟ್ಯೂಬಾ ಜೋರಾಗಿ ಕೇಳಿಸುತ್ತದೆ ಎಂದು ಹಲವರು ತಿಳಿದಿದ್ದಾರೆ. ನಿಜದಲ್ಲಿ ಅದರ ನಾದ ಅಗಲವಾಗಿ ಹರಡುತ್ತದೆ. ತೆಳ್ಳನೆಯ ಟ್ಯೂಬಾದ ನಾದಕ್ಕೆ ತಿರುಳು ಗಟ್ಟಿ, ಅಂಚು ಸ್ಪಷ್ಟ. ಅದು ಎಷ್ಟೋ ಸಲ ದೂರಕ್ಕೆ ಹೆಚ್ಚು ಚೆನ್ನಾಗಿ ಮುಟ್ಟುತ್ತದೆ. ಆದರೆ ಅದಕ್ಕೂ ಒಂದು ಮಿತಿ ಇದೆ. 3/4 ಟ್ಯೂಬಾವನ್ನು ದೊಡ್ಡ ಗುಂಪಿನಲ್ಲಿ ಮಿತಿ ಮೀರಿ ಒತ್ತಿ ಊದಿದರೆ ನಾದ ಹರಿತವಾಗಿ, ಒಡೆದಂತೆ ಆಗುತ್ತದೆ, ಬಾಸ್ ಟ್ರಾಂಬೋನ್ ಹತ್ತಿರ ಹೋಗುತ್ತದೆ. ದಪ್ಪ ಟ್ಯೂಬಾ ಅಷ್ಟೇ ಬಲಕ್ಕೆ ಇನ್ನೂ ದುಂಡಗೇ ಇರುತ್ತದೆ.

ಎಲ್ಲವನ್ನೂ ತೂಗಿ ನೋಡಿದರೆ ಒಂದೇ ಟ್ಯೂಬಾ ಇರುವವರಿಗೆ 4/4 ಸರಿಯಾದ ಜಾಗ. ಮೀರಾಫೋನ್ 186 ಎಂಬ ರೋಟರಿ ವಾಲ್ವ್ (ತಿರುಗುವ ವಾಲ್ವ್) ಟ್ಯೂಬಾ ದಶಕಗಳಿಂದ ಶಾಲೆಗಳಲ್ಲೂ ಇದೆ, ಆರ್ಕೆಸ್ಟ್ರಾಗಳಲ್ಲೂ ಇದೆ. 4/4 ಎಂದರೆ ಏನು ಎಂದು ಯಾರಾದರೂ ಕೇಳಿದರೆ ಟ್ಯೂಬಾದವರು ತೋರಿಸುವ ವಾದ್ಯಗಳಲ್ಲಿ ಅದೂ ಒಂದು. ಒಮ್ಮೆ ಅದನ್ನು ನುಡಿಸಿ ನೋಡಿ. ಬೇರೆ ವಾದ್ಯಗಳನ್ನು ಅದರ ಪಕ್ಕದಲ್ಲಿಟ್ಟು ಅಳೆಯಲು ಅನುಕೂಲ ಆಗುತ್ತದೆ. ನೀವು ಒಬ್ಬರೇ ಟ್ಯೂಬಾ ಇರುವ ಆರ್ಕೆಸ್ಟ್ರಾ ಅಥವಾ ಬ್ಯಾಂಡ್ ನಿಮ್ಮ ಮುಖ್ಯ ಕೆಲಸವಾದರೆ 5/4ಕ್ಕೆ ಹೋಗಬಹುದು. ಕ್ವಿಂಟೆಟ್ಟೇ ಮುಖ್ಯವಾಗಿದ್ದು ಕಾಂಟ್ರಾಬಾಸ್ ಶ್ರುತಿಯೇ ಬೇಕೆಂದರೆ 3/4 ನೋಡಲು ಸಂಕೋಚ ಬೇಡ.

ಹೆಜ್ಜೆ 5: ಮೈಗೆ ಒಗ್ಗುತ್ತದೆಯೇ ನೋಡಿ

ಕುರ್ಚಿಯ ಮೇಲೆ ನೆಟ್ಟಗೆ ಕೂತು ಕಣ್ಣು ಮುಚ್ಚಿ. ಯಾರಾದರೂ ಟ್ಯೂಬಾವನ್ನು ತೊಡೆಯ ಮೇಲೆ ಇಡಲಿ. ಮೌತ್‌ಪೀಸ್ ತುಟಿಗೆ ತಾನಾಗಿ ಬರಬೇಕು. ನೀವು ಕತ್ತು ಚಾಚುವಂತೆ ಇದ್ದರೆ, ಬೆನ್ನು ಬಾಗಿಸುವಂತೆ ಇದ್ದರೆ ಆ ವಾದ್ಯ ನಿಮ್ಮ ಅಳತೆಯದಲ್ಲ. ಮೌತ್‌ಪೀಸ್ ತೀರಾ ಕೆಳಗೆ ಬಂದರೆ ಕುರ್ಚಿಯ ಮುಂದೆ ಒಂದು ಸ್ಟ್ಯಾಂಡ್ ಇಟ್ಟು ವಾದ್ಯವನ್ನು ಎತ್ತರಿಸಬಹುದು. ತೀರಾ ಮೇಲೆ ಬಂದರೆ ಮಾಡಲು ಹೆಚ್ಚೇನೂ ಇಲ್ಲ. ಗಿಡ್ಡಗಿರುವವರು ಇದನ್ನು ಮೊದಲೇ ನೋಡಿಕೊಳ್ಳಬೇಕು.

ಬಲಗೈ ವಾಲ್ವ್‌ಗಳಿಗೆ ಸಲೀಸಾಗಿ ತಲುಪಬೇಕು. ಎಡಗೈ ಮೊದಲ ವಾಲ್ವ್‌ನ ಸ್ಲೈಡ್‌ಗೆ, ಅಂದರೆ ಎಳೆದು ಉದ್ದ ಮಾಡಬಹುದಾದ ಕೊಳವೆಗೆ, ತಲುಪಬೇಕು. ಬಹಳಷ್ಟು ಟ್ಯೂಬಾಗಳಲ್ಲಿ ನುಡಿಸುತ್ತಾ ಆ ಸ್ಲೈಡ್ ಎಳೆದು ಶ್ರುತಿ ಸರಿಪಡಿಸಬೇಕಾಗುತ್ತದೆ. ದಪ್ಪ ಟ್ಯೂಬಾವನ್ನು ತಬ್ಬಿಕೊಂಡಾಗ ಕೈ ಅಲ್ಲಿಗೆ ಹೋಗುವುದೇ ಇಲ್ಲ ಎನ್ನುವವರು ಇದ್ದಾರೆ.

ಉಸಿರಿನ ಬಗ್ಗೆ ಒಂದು ಮಾತು. ದೊಡ್ಡ ಟ್ಯೂಬಾಗೆ ದೊಡ್ಡ ಶ್ವಾಸಕೋಶ ಬೇಕು ಎಂದು ಹೇಳಿ ಎಷ್ಟೋ ಜನರನ್ನು ಹೆದರಿಸುತ್ತಾರೆ. ಕೊಳವೆಯನ್ನು ಗಾಳಿಯಿಂದ ತುಂಬಿಸುವ ಕೆಲಸ ಇಲ್ಲಿಲ್ಲ. ಅದರೊಳಗೆ ಗಾಳಿ ಮೊದಲೇ ಇದೆ. ಎಷ್ಟು ಉಸಿರು ಖರ್ಚಾಗುತ್ತದೆ ಎನ್ನುವುದು ಎಷ್ಟು ಕೆಳಗಿನ ಸ್ವರ, ಎಷ್ಟು ಜೋರು ಎನ್ನುವುದರ ಮೇಲೆ ಮುಖ್ಯವಾಗಿ ನಿಂತಿದೆ. ಆ ಭಾರಿ ಯಾರ್ಕ್ ನುಡಿಸುತ್ತಿದ್ದ ಜೇಕಬ್ಸ್ ಅವರ ಶ್ವಾಸಕೋಶದ ಸಾಮರ್ಥ್ಯವೇ ಕಡಿಮೆಯಾಗಿತ್ತು. ಆದರೆ ಅವರಿಗೆ ಉಸಿರನ್ನು ಬಳಸುವುದು ಗೊತ್ತಿತ್ತು, ಅದನ್ನೇ ಅವರು ಜೀವನಪೂರ್ತಿ ಕಲಿಸಿದರು. ನಮ್ಮಂಥವರಿಗೆ ದಪ್ಪ ಟ್ಯೂಬಾ ಎದುರೊತ್ತಡ ಕಡಿಮೆ ಕೊಡುತ್ತದೆ, ಉಸಿರು ಸುಮ್ನೆ ಸುರಿದುಹೋಗುತ್ತದೆ. ಒಂದು ಸಾಲು ಮುಗಿಯುವ ಮುನ್ನವೇ ಏದುಸಿರು. ವಯಸ್ಸಾದಂತೆ ಎಲ್ಲರಿಗೂ ಉಸಿರಿನ ಸಾಮರ್ಥ್ಯ ಇಳಿಯುತ್ತದೆ, ಹತ್ತು ಹದಿನೈದು ವರ್ಷ ಇಟ್ಟುಕೊಳ್ಳುವ ವಾದ್ಯ ಆರಿಸುವಾಗ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ತೂಕ ಮರೆಯಬೇಡಿ. ದೊಡ್ಡ ಟ್ಯೂಬಾಗಳು 10 ಕಿಲೋ ದಾಟುತ್ತವೆ. ಗಟ್ಟಿ ಕೇಸ್ ಸೇರಿದರೆ ಇನ್ನೂ ಭಾರ. ಮನೆಯ ಮೆಟ್ಟಿಲು, ಲಿಫ್ಟ್, ಕಾರಿನ ಬಾಗಿಲು, ಎಲ್ಲವನ್ನೂ ಟೇಪ್ ಹಿಡಿದು ಅಳೆಯಿರಿ. ಹೊರುವುದು ಕಷ್ಟವಾದರೆ ಒಂದೆರಡು ರಿಹರ್ಸಲ್ ತಪ್ಪುತ್ತದೆ, ಆಮೇಲೆ ಅದೇ ಅಭ್ಯಾಸವಾಗುತ್ತದೆ.

ಹೆಜ್ಜೆ 6: ವಾಲ್ವ್ ಎಷ್ಟು?

ಒಂದೇ ಟ್ಯೂಬಾ ಆದರೆ ನಾಲ್ಕಕ್ಕಿಂತ ಕಡಿಮೆ ಬೇಡ. ಮೂರು ವಾಲ್ವ್ ಒಟ್ಟಿಗೆ ಒತ್ತಿದಾಗ ಸಿಗುವ ಕೊಳವೆಯ ಉದ್ದ ಬೇಕಾದ್ದಕ್ಕಿಂತ ಕಡಿಮೆ, ಸ್ವರ ಏರಿ ನಿಲ್ಲುತ್ತದೆ. ನಾಲ್ಕನೇ ವಾಲ್ವ್ ಒಂದು ಮತ್ತು ಮೂರರ ಬದಲಿಗೆ ಬಂದು ಇದನ್ನು ಸರಿಪಡಿಸುತ್ತದೆ, ಕೆಳಗಿನ ಸ್ವರಗಳ ಬಾಗಿಲನ್ನೂ ತೆರೆಯುತ್ತದೆ. ಬಿ ಫ್ಲಾಟ್‌ಗೆ ನಾಲ್ಕು ಸಾಕು. ಸಿ ಟ್ಯೂಬಾಗೆ ಐದು ಇದ್ದರೆ ಒಳ್ಳೆಯದು. ಕಾಂಪೆನ್ಸೇಟಿಂಗ್ ಅಲ್ಲದ ಎಫ್ ಟ್ಯೂಬಾಗೆ ಐದು ಬೇಕೇ ಬೇಕು. ಮೇಲೆ ಕೆಳಗೆ ಹೋಗುವ ಪಿಸ್ಟನ್ ವಾಲ್ವ್ ಒಳ್ಳೆಯದೋ ರೋಟರಿ ಒಳ್ಳೆಯದೋ ಎನ್ನುವುದು ಬೆರಳಿನ ರುಚಿಗೆ ಬಿಟ್ಟದ್ದು.

ಹೆಜ್ಜೆ 7: ನುಡಿಸಿ ಪರೀಕ್ಷಿಸಿ

ಇದಕ್ಕೆ ಅರ್ಧ ದಿನ ಇಟ್ಟುಕೊಳ್ಳಿ. ನಿಮ್ಮದೇ ಮೌತ್‌ಪೀಸ್, ಒಂದು ಟ್ಯೂನರ್, ರೆಕಾರ್ಡ್ ಮಾಡುವ ಫೋನ್, ಚೆನ್ನಾಗಿ ಗೊತ್ತಿರುವ ಒಂದೆರಡು ಪುಟ ಸಂಗೀತ, ಜೊತೆಗೆ ಕಿವಿ ಚೆನ್ನಾಗಿರುವ ಒಬ್ಬ ಸ್ನೇಹಿತರು. ಲೀಡ್‌ಪೈಪ್‌ನ, ಅಂದರೆ ಮೌತ್‌ಪೀಸ್ ಕೂರುವ ಮೊದಲ ಕೊಳವೆಯ, ಬಾಯಿ ಎಲ್ಲಾ ಟ್ಯೂಬಾಗಳಲ್ಲೂ ಒಂದೇ ಅಳತೆ ಇರುತ್ತದೆ ಎಂದುಕೊಳ್ಳಬೇಡಿ. ಮೌತ್‌ಪೀಸ್‌ನ ಒಳಗೆ ಕೂರುವ ತುದಿಯಲ್ಲಿ ಅಮೆರಿಕನ್ ಅಳತೆ, ಅದಕ್ಕಿಂತ ತುಸು ದಪ್ಪನೆಯ ಯುರೋಪಿಯನ್ ಅಳತೆ ಎಂದು ಎರಡಿವೆ. ಸರಿಯಾಗಿ ಕೂರದ ಮೌತ್‌ಪೀಸ್ ಹಾಕಿ ವಾದ್ಯವನ್ನು ಬೈಯುವುದು ನ್ಯಾಯವಲ್ಲ.

ಮೊದಲು ಮೆಲ್ಲಗೆ ನುಡಿಸಿ. ಜೋರಾಗಿ ಊದಿದರೆ ಎಲ್ಲಾ ಟ್ಯೂಬಾಗಳೂ ಚೆನ್ನಾಗಿಯೇ ಕೇಳಿಸುತ್ತವೆ. ಕೆಳಗಿನ ಸ್ವರಗಳನ್ನು ತೀರಾ ಮೆಲ್ಲಗೆ ಶುರು ಮಾಡಿ ನೋಡಿ. ಸ್ವರ ಕೂಡಲೇ ಹುಟ್ಟಬೇಕು. ಮೊದಲು ಬರೀ ಗಾಳಿ ಬಂದು ಆಮೇಲೆ ಸ್ವರ ಬಂದರೆ ಆ ಟ್ಯೂಬಾ ನಿಮಗೆ ದಿನವೂ ಕಾಟ ಕೊಡುತ್ತದೆ. ಎಫ್ ಟ್ಯೂಬಾ ನೋಡುವವರು ಕೆಳಗಿನ ಸಿ ಸ್ವರವನ್ನು ಬೇರೆಯಾಗಿ ಪರೀಕ್ಷಿಸಿ. ಎಷ್ಟೋ ಎಫ್ ಟ್ಯೂಬಾಗಳ ದುರ್ಬಲ ಜಾಗ ಅದೇ. ಅದು ಗಟ್ಟಿಯಾಗಿ ನಿಂತರೆ ವಾದ್ಯ ಒಳ್ಳೆಯದು ಎನ್ನಲು ದೊಡ್ಡ ಸಾಕ್ಷಿ.

ಆಮೇಲೆ ಶ್ರುತಿ. ಟ್ಯೂನರ್ ನೀವು ನೋಡಬೇಡಿ, ಸ್ನೇಹಿತರ ಕೈಗೆ ಕೊಡಿ. ಮುಳ್ಳು ಕಣ್ಣೆದುರು ಇದ್ದರೆ ತುಟಿ ತಾನಾಗಿಯೇ ಸ್ವರವನ್ನು ಎಳೆದು ಸರಿ ಮಾಡಿಬಿಡುತ್ತದೆ. ಕಣ್ಣು ಮುಚ್ಚಿ, ವಾದ್ಯ ಎಲ್ಲಿ ಕೂರುತ್ತದೋ ಅಲ್ಲೇ ಸ್ವರ ಬಿಡಿ. ಅವರು ಏರು ತಗ್ಗು ಬರೆದುಕೊಳ್ಳಲಿ.

ಯಾವ ಟ್ಯೂಬಾ ಆದರೂ ಒಂದು ಕಡೆ ಸ್ವರ ಇಳಿಯುವುದು ಸಹಜ. ಐದನೇ ಹಾರ್ಮೋನಿಕ್ (ಒಂದೇ ಉದ್ದದ ಕೊಳವೆಯಲ್ಲಿ ತುಟಿಯಿಂದಲೇ ಹುಟ್ಟುವ ಸ್ವರಸಾಲಿನ ಐದನೆಯದು) ನಾವು ಬಳಸುವ ಸಮಶ್ರುತಿಗಿಂತ 14 ಸೆಂಟ್ ಕೆಳಗಿರುತ್ತದೆ; ಒಂದು ಅರ್ಧಸ್ವರಕ್ಕೆ ನೂರು ಸೆಂಟ್. ಇದು ಶಬ್ದದ ಗುಣ, ತಯಾರಕರ ತಪ್ಪಲ್ಲ. ಬಿ ಫ್ಲಾಟ್ ಟ್ಯೂಬಾದಲ್ಲಿ ಅದು ಬಾಸ್ ಕ್ಲೆಫ್‌ನ ನಡು ಗೆರೆಯ ಡಿ. ಅದನ್ನು ವಾಲ್ವ್ ಒತ್ತದೆ ನುಡಿಸುವ ಬದಲು ಒಂದು-ಎರಡು ಒತ್ತಿ ನುಡಿಸಿ ಸರಿಪಡಿಸಬಹುದು. ಇಂಥ ಪರ್ಯಾಯ ಬೆರಳು ಇರುವ ಸ್ವರ ಸ್ವಲ್ಪ ಆಚೀಚೆ ಇದ್ದರೆ ಚಿಂತೆ ಬೇಡ. ಯಾವ ಉಪಾಯಕ್ಕೂ ಬಗ್ಗದ ಸ್ವರ ಇದ್ದರೆ, ಅದೂ ದಿನವೂ ಬಳಸುವ ನಡುಭಾಗದಲ್ಲಿದ್ದರೆ, ನಾದ ಎಷ್ಟೇ ಚೆನ್ನಾಗಿರಲಿ ಎದ್ದು ಬನ್ನಿ. ಒಂದೇ ಟ್ಯೂಬಾ ಇರುವವರಿಗೆ ನಾದಕ್ಕಿಂತ ಶ್ರುತಿ ದೊಡ್ಡದು. ಎರಡು ಟ್ಯೂಬಾ ಇರುವವರು ಒಂದರ ಕೊರತೆಯನ್ನು ಇನ್ನೊಂದರಲ್ಲಿ ತುಂಬಿಕೊಳ್ಳಬಹುದು. ನಿಮಗೆ ಆ ದಾರಿ ಇಲ್ಲ.

ಈಗ ವಾದ್ಯವನ್ನು ಸ್ನೇಹಿತರಿಗೆ ಕೊಟ್ಟು ಕೋಣೆಯ ತುದಿಗೆ ಹೋಗಿ ನಿಲ್ಲಿ. ಅವರಿಗೆ ಟ್ಯೂಬಾ ಬಾರದಿದ್ದರೆ ಫೋನ್ ಅಲ್ಲಿಟ್ಟು ನೀವೇ ನುಡಿಸಿ, ಆಮೇಲೆ ಕೇಳಿ. ಬೆಲ್ ಮೇಲ್ಮುಖವಾಗಿರುವುದರಿಂದ ನುಡಿಸುವವರಿಗೆ ಕೇಳುವುದೇ ಬೇರೆ, ಎದುರಿನವರಿಗೆ ಕೇಳುವುದೇ ಬೇರೆ. ಹತ್ತಿರದಿಂದ ಭರ್ಜರಿ ಅನ್ನಿಸಿದ ದಪ್ಪ ಟ್ಯೂಬಾ ಅಲ್ಲಿ ಮಸುಕಾಗಿ ಕೇಳಬಹುದು. ಒಣಕಲು ಅನ್ನಿಸಿದ 4/4 ಅಲ್ಲಿ ತುಂಬಿಕೊಂಡು ಕೇಳಬಹುದು. ನನ್ನ ಮಟ್ಟಿಗೆ ಇಡೀ ಪರೀಕ್ಷೆಯಲ್ಲಿ ಇದಕ್ಕಿಂತ ಹೆಚ್ಚು ಕಲಿಸುವ ಭಾಗ ಬೇರೆ ಇಲ್ಲ.

ಕೊನೆಗೆ, ದಣಿಯುವವರೆಗೆ ನುಡಿಸಿ. ಒಂದು ಗಂಟೆ ಆದಮೇಲೆ ಶುರುವಿನಲ್ಲಿ ನುಡಿಸಿದ ಪುಟವನ್ನೇ ಮತ್ತೆ ನುಡಿಸಿ. ದಣಿದಾಗಲೂ ಸ್ವರಗಳು ಜಾಗಕ್ಕೆ ಬಂದು ಕೂತರೆ ಅಳತೆ ಸರಿಯಿದೆ.

ಹಳೆಯ ವಾದ್ಯವಾದರೆ

ಟ್ಯೂಬಾ ಚೆನ್ನಾಗಿ ನೋಡಿಕೊಂಡರೆ ದಶಕಗಟ್ಟಲೆ ಬಾಳುತ್ತದೆ, ಹಳೆಯದು ಕೊಳ್ಳಲು ಹೆದರಬೇಕಿಲ್ಲ. ದೊಡ್ಡ ಬಾಗುಗಳಲ್ಲಿ ಇರುವ ಸಣ್ಣ ನಗ್ಗುಗಳು ನಾದಕ್ಕೆ ಹೆಚ್ಚು ತೊಂದರೆ ಮಾಡುವುದಿಲ್ಲ. ಲೀಡ್‌ಪೈಪ್‌ನಲ್ಲಿ ನಗ್ಗು ಇದ್ದರೆ ಯೋಚಿಸಿ. ಅಲ್ಲಿ ಕೊಳವೆ ಕಿರಿದು, ಸಣ್ಣ ನಗ್ಗೂ ಲೆಕ್ಕಕ್ಕೆ ಬರುತ್ತದೆ. ಹಿತ್ತಾಳೆಯ ಮೇಲೆ ಗುಲಾಬಿ ಬಣ್ಣದ ಚುಕ್ಕೆಗಳು ಕಂಡರೆ ಲೋಹ ಒಳಗಿನಿಂದ ಸವೆಯುತ್ತಿರಬಹುದು, ರಿಪೇರಿ ಮಾಡುವವರಿಗೆ ತೋರಿಸಿ. ವಾಲ್ವ್ ಸೋರಿಕೆ ನೋಡಲು, ಆ ವಾಲ್ವ್ ಒತ್ತದೆ ಅದರ ಸ್ಲೈಡ್ ನಿಧಾನವಾಗಿ ಸ್ವಲ್ಪ ಎಳೆಯಿರಿ, ಕೆಲವು ಕ್ಷಣ ಬಿಟ್ಟು ವಾಲ್ವ್ ಒತ್ತಿ. ‘ಟಪ್’ ಎಂದು ಸದ್ದು ಬಂದರೆ ಒಳಗೆ ಗಾಳಿ ಹಿಡಿದಿತ್ತು ಎಂದರ್ಥ. ಸದ್ದೇ ಬಾರದಿದ್ದರೆ ವಾಲ್ವ್ ಅಥವಾ ಸ್ಲೈಡ್ ಸವೆದಿದೆ.

ಕೊಂಡ ಮೇಲೆ

ಹೊಸ ಟ್ಯೂಬಾ ಮನೆಗೆ ಬಂದ ಮೇಲೆ ‘ಇನ್ನೊಂಚೂರು ದಪ್ಪ ಬೇಕಿತ್ತು’ ಅಥವಾ ‘ಇನ್ನೊಂಚೂರು ಸ್ಪಷ್ಟತೆ ಬೇಕಿತ್ತು’ ಅನ್ನಿಸುವುದು ಸಹಜ. ಮಾರುವ ಯೋಚನೆಗೆ ಮುನ್ನ ಮೌತ್‌ಪೀಸ್ ಬದಲಿಸಿ ನೋಡಿ. ಆಳವಾದ, ಆಲಿಕೆಯಂತೆ ಇಳಿಯುವ ಬಟ್ಟಲು ನಾದವನ್ನು ಗಾಢ ಮಾಡುತ್ತದೆ. ಆಳ ಕಡಿಮೆ ಇರುವ ದುಂಡು ಬಟ್ಟಲು ಅಂಚನ್ನು ಚುರುಕು ಮಾಡುತ್ತದೆ. ಒಂದೇ 4/4 ಟ್ಯೂಬಾ, ಎರಡು ಮೌತ್‌ಪೀಸ್: ಬ್ಯಾಂಡ್‌ಗೆ ಒಂದು, ಕ್ವಿಂಟೆಟ್‌ಗೆ ಒಂದು. ಎರಡನೇ ಟ್ಯೂಬಾಗೆ ಹೋಲಿಸಿದರೆ ಇದರ ಖರ್ಚು ಏನೇನೂ ಅಲ್ಲ. ಆದರೆ ವಾರಕ್ಕೊಂದು ಮೌತ್‌ಪೀಸ್ ಹಿಡಿಯಬೇಡಿ, ತುಟಿಗೆ ನೆಲೆ ಸಿಗುವುದಿಲ್ಲ.

ಭಾರಿ ಸಿಂಫನಿಯೊಂದು ಅಪರೂಪಕ್ಕೆ ಬಂದು, ನಿಮ್ಮ ಇ ಫ್ಲಾಟೋ 4/4ಓ ಸಾಲದು ಅನ್ನಿಸಿದರೆ ಆ ಒಂದು ಕಾರ್ಯಕ್ರಮಕ್ಕೆ ದೊಡ್ಡದನ್ನು ಬಾಡಿಗೆಗೆ ಅಥವಾ ಎರವಲು ತನ್ನಿ. ಕಾರ್ಯಕ್ರಮದ ಹಿಂದಿನ ದಿನ ತರಬೇಡಿ. ಕನಿಷ್ಠ ಎರಡು ವಾರ ಮುಂಚೆ ತಂದು ದಿನವೂ ಅದರಲ್ಲೇ ನುಡಿಸಿ. ನಿಮ್ಮ ಟ್ಯೂಬಾದ ಶ್ರುತಿಯದೇ ಸಿಕ್ಕರೆ ಅದನ್ನೇ ಆರಿಸಿ, ಬೆರಳಿನ ಗೊಂದಲವಾದರೂ ತಪ್ಪುತ್ತದೆ.